ಉದ್ದ ಫ್ರಾಕು, ಎತ್ತಿ ಬಾಚಿದ ಕೂದಲು: ಶಾರ್ಟ್ ಕ್ರೀಕಿನ ಹೆಂಗಸರ ಬದುಕು ಹೇಗಿದೆ?

ಪ್ರಶ್ನೆ: ನನ್ನ ಮಗಳು ಫೀನಿಕ್ಸ್‌ನಲ್ಲಿದ್ದಾಳೆ. ಈ ಸಲ ಅವಳ ಮನೆಗೆ ಹೋಗಿದ್ದಾಗ ಝಯಾನ್ ನ್ಯಾಷನಲ್ ಪಾರ್ಕ್ ನೋಡೋಣ ಅಂತ ಕಾರಿನಲ್ಲಿ ಹೊರಟೆವು. ಯೂಟಾ ಗಡಿಯ ಹತ್ತಿರ ಒಂದು ಅಂಗಡಿಯಲ್ಲಿ ನಾಲ್ಕೈದು ಹೆಂಗಸರನ್ನು ಕಂಡೆ. ಎಲ್ಲರದ್ದೂ ಒಂದೇ ತರಹದ ತಿಳಿ ಬಣ್ಣದ ಫ್ರಾಕು. ತೋಳು ಮಣಿಕಟ್ಟಿನವರೆಗೆ, ಅಂಚು ಪಾದದವರೆಗೆ. ಕಾಲಿಗೆ ಮಾತ್ರ ಸ್ಪೋರ್ಟ್ಸ್ ಶೂ. ಹೊರಗೆ ಸುಡುವ ಬಿಸಿಲು! ಮಗಳು, "ಅಮ್ಮಾ, ಅವರಲ್ಲಿ ಒಬ್ಬನಿಗೆ ಹಲವು ಹೆಂಡಿರು. ಫೋಟೊ ತೆಗೀಬೇಡ" ಅಂದಳು. ಅಮೆರಿಕದಲ್ಲೂ ಹೀಗಿದೆಯಾ? ಆ ಬಟ್ಟೆ ಅವರೇ ಇಷ್ಟಪಟ್ಟು ಹಾಕುವುದಾ, ಬಲವಂತವಾ? ಕಾನೂನು ಸುಮ್ನೆ ನೋಡ್ತಾ ಕೂತಿದೆಯಾ? ಅವರನ್ನು ಮಾತಾಡಿಸಬಹುದಿತ್ತಾ?
– ಓದುಗರೊಬ್ಬರು, ಮೈಸೂರು

ಉತ್ತರ:

ನೀವು ನೋಡಿದವರು ಬಹುಶಃ ಎಫ್‌ಎಲ್‌ಡಿಎಸ್ (ಫಂಡಮೆಂಟಲಿಸ್ಟ್ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್) ಪಂಗಡದವರು. ಏಸುವನ್ನು ನಂಬುವ, ಅಮೆರಿಕದಲ್ಲೇ ಹುಟ್ಟಿದ ಮಾರ್ಮನ್ ಧರ್ಮದಿಂದ ಒಡೆದು ಬಂದ ಕಟ್ಟಾ ಸಂಪ್ರದಾಯದ ಗುಂಪು ಅದು. ಅರಿಜೋನಾ ಮತ್ತು ಯೂಟಾ ರಾಜ್ಯಗಳ ಗಡಿಗೆರೆ ಅವರ ಊರಿನ ನಡುವೆಯೇ ಹಾದುಹೋಗುತ್ತದೆ. ಅರಿಜೋನಾ ಕಡೆಯದು ಕೊಲರಾಡೋ ಸಿಟಿ, ಯೂಟಾ ಕಡೆಯದು ಹಿಲ್ಡೇಲ್. ಎರಡಕ್ಕೂ ಸೇರಿ ಹಳೆಯ ಹೆಸರು ಶಾರ್ಟ್ ಕ್ರೀಕ್, ಸ್ಥಳೀಯರು ಈಗಲೂ ಹಾಗೇ ಕರೆಯುತ್ತಾರೆ. ಫೀನಿಕ್ಸ್ ಕಡೆಯಿಂದ ಝಯಾನ್‌ಗೆ ಹೋಗುವ ಒಂದು ದಾರಿ ಆ ಊರಿನ ಪಕ್ಕದಲ್ಲೇ ಇದೆ.

ಮೊದಲೇ ಒಂದು ಗೊಂದಲ ತೆಗೆದುಬಿಡುತ್ತೇನೆ. ಬಿಳಿ ಶರ್ಟು, ಟೈ, ಎದೆಯ ಮೇಲೆ ಹೆಸರಿನ ಕಪ್ಪು ಪಟ್ಟಿ ಹಾಕಿಕೊಂಡು ಜೋಡಿಯಾಗಿ ಓಡಾಡುವ ಮಾರ್ಮನ್ ಹುಡುಗರನ್ನು ನೀವು ಬೆಂಗಳೂರಿನಲ್ಲಿ ಕಂಡಿರಬಹುದು. ಅವರು ಮೂಲ ಚರ್ಚಿನವರು. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ 2018ರಲ್ಲಿ ಘೋಷಿಸಿದ್ದೂ ಅದೇ ಚರ್ಚು. ಅಲ್ಲಿ ಹೆಂಡತಿ ಇರುವಾಗಲೇ ಎರಡನೇ ಮದುವೆ ಮಾಡಿಕೊಂಡರೆ ಚರ್ಚಿನಿಂದಲೇ ಹೊರಗೆ ಹಾಕುತ್ತಾರೆ. ಮೂಲ ಒಂದೇ, ಆದರೆ ಇವತ್ತು ಇಬ್ಬರಿಗೂ ಸಂಬಂಧವಿಲ್ಲ.

ಬೇರೆಯಾಗಿದ್ದು ಹೀಗೆ. ಜೋಸೆಫ್ ಸ್ಮಿತ್ 1830ರಲ್ಲಿ ಈ ಚರ್ಚು ಕಟ್ಟಿದ. ಒಬ್ಬ ಗಂಡಸು ಹಲವು ಹೆಂಡಿರನ್ನು ಮಾಡಿಕೊಳ್ಳುವುದು ದೇವರ ಆಜ್ಞೆ ಎಂಬ ಮಾತು ಅವನ ಕಾಲದಲ್ಲೇ ಗುಟ್ಟಾಗಿ ಶುರುವಾಯಿತು. ಅವನ ನಂತರ ಯೂಟಾದಲ್ಲಿ, 1852ರಲ್ಲಿ, ಅದನ್ನು ಎಲ್ಲರೆದುರು ಸಾರಿದರು. ಅಮೆರಿಕದ ಸರ್ಕಾರ ಹಿಡಿದ ಪಟ್ಟು ಬಿಡಲಿಲ್ಲ. ಕಾನೂನಿನ ಮೇಲೆ ಕಾನೂನು, ಜೈಲು, ಚರ್ಚಿನ ಆಸ್ತಿಯ ಜಪ್ತಿ. ಕೊನೆಗೆ 1890ರಲ್ಲಿ ಚರ್ಚಿನ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಇನ್ನು ಬಹುಪತ್ನಿತ್ವ ಬೇಡ ಎಂದು ಪ್ರಕಟಣೆ ಹೊರಡಿಸಿದ. ದೇವರ ಆಜ್ಞೆಯನ್ನು ಸರ್ಕಾರಕ್ಕೆ ಹೆದರಿ ಬಿಡುವುದೇನು ಎಂದು ಒಂದಿಷ್ಟು ಜನ ಒಪ್ಪಲಿಲ್ಲ. ಅಂಥವರು ನೆಲೆಸಲು ಆರಿಸಿಕೊಂಡ ಜಾಗ ಶಾರ್ಟ್ ಕ್ರೀಕ್. ಒಂದು ರಾಜ್ಯದ ಪೊಲೀಸರು ಬಂದರೆ ಗೆರೆ ದಾಟಿ ಇನ್ನೊಂದು ರಾಜ್ಯಕ್ಕೆ ಕಾಲಿಡಬಹುದು, ಅಲ್ವಾ?

ಈಗ ಬಟ್ಟೆಯ ವಿಷಯಕ್ಕೆ ಬರೋಣ. ಅಷ್ಟು ಬಿಸಿಲಲ್ಲಿ ಮಣಿಕಟ್ಟಿನವರೆಗೆ ತೋಳು ಯಾಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಉತ್ತರ ಹೊರಗಿನ ಫ್ರಾಕಿನಲ್ಲಿಲ್ಲ, ಒಳಗೆ ಹಾಕುವ ಬಟ್ಟೆಯಲ್ಲಿದೆ. ಮಾರ್ಮನ್ನರಿಗೆ ಪವಿತ್ರವಾದ ಒಂದು ಒಳಉಡುಪು ಇದೆ. ನಮ್ಮಲ್ಲಿ ಜನಿವಾರವನ್ನು ನೋಡುವ ಹಾಗೆ ಅವರು ಅದನ್ನು ನೋಡುತ್ತಾರೆ: ದೀಕ್ಷೆ ಆದವರು ಸದಾ ಮೈಮೇಲೆ ಇಟ್ಟುಕೊಳ್ಳಬೇಕು. 19ನೇ ಶತಮಾನದಲ್ಲಿ ಅದು ಕುತ್ತಿಗೆಯಿಂದ ಮಣಿಕಟ್ಟಿಗೆ, ಕಾಲಿನ ಗಿಣ್ಣಿಗೆ ಬರುತ್ತಿತ್ತು. 1923ರಲ್ಲಿ ಮೂಲ ಚರ್ಚು ಅದನ್ನು ಮೊಣಕೈ, ಮೊಣಕಾಲಿನವರೆಗೆ ಗಿಡ್ಡ ಮಾಡಲು ಒಪ್ಪಿತು. ಕಟ್ಟಾ ಗುಂಪಿನವರು ಒಪ್ಪಲಿಲ್ಲ. ದೇವರು ಕೊಟ್ಟ ಅಳತೆಗೆ ಕತ್ತರಿ ಹಾಕಬಾರದು ಎಂದರು. ಒಳಗಿನದು ಮಣಿಕಟ್ಟಿನವರೆಗೆ ಇದ್ದು, ಅದು ಹೊರಗೆ ಕಾಣಬಾರದು ಎಂದಮೇಲೆ ಹೊರಗಿನ ತೋಳು ಎಲ್ಲಿವರೆಗೆ ಬರಬೇಕು? ನೀವು ನೋಡಿದ ಫ್ರಾಕಿನ ಅಳತೆ ತೀರ್ಮಾನವಾಗಿದ್ದು ಅಲ್ಲಿಯೇ. ಚಿಕ್ಕ ಮಕ್ಕಳಿಗೂ ಅದೇ ಅಭ್ಯಾಸವಾಗಲಿ ಎಂದು ಉದ್ದನೆಯ ಒಳಬಟ್ಟೆ ಹಾಕುತ್ತಾರೆ.

ಆ ಫ್ರಾಕನ್ನು ಹತ್ತಿರದಿಂದ ನೋಡಿದರೆ ಹೊಲಿಗೆ ಗೊತ್ತಿರುವವರು ಮೆಚ್ಚುತ್ತೀರಿ. ಬಹುತೇಕ ಮನೆಯಲ್ಲೇ ಹೊಲಿದದ್ದು. ಭುಜದ ಹತ್ತಿರ ನೆರಿಗೆ ಹಿಡಿದ ಪಫ್ ತೋಳು, ಮಣಿಕಟ್ಟಿಗೆ ಬಿಗಿಯಾಗಿ ಕೂರುವ ಕಫ್, ಕುತ್ತಿಗೆ ಮುಚ್ಚುವ ಕಾಲರ್, ಸೊಂಟದಿಂದ ಕೆಳಗೆ ಸಡಿಲವಾಗಿ ಇಳಿಯುವ ಲಂಗ. ಬಣ್ಣ ತಿಳಿ ಗುಲಾಬಿ, ತಿಳಿ ನೀಲಿ, ತಿಳಿ ಹಸಿರು, ನೇರಳೆ. ಹೂವಿಲ್ಲ, ಚೌಕುಳಿ ಇಲ್ಲ. ಕೆಂಪು ಅಂತೂ ಇಲ್ಲವೇ ಇಲ್ಲ. ಅದು ಏಸುವಿನ ಬಣ್ಣ, ಅವನು ಮರಳಿ ಬರುವಾಗ ಕೆಂಪು ಉಡುಪಿನಲ್ಲಿ ಬರುತ್ತಾನೆ ಎಂಬ ನಂಬಿಕೆ. ಕೂದಲಿಗೆ ಕತ್ತರಿ ತಾಗಿಸುವ ಹಾಗಿಲ್ಲ. ಹಣೆಯ ಮೇಲೆ ಅಲೆಯ ಹಾಗೆ ಎತ್ತಿ ಬಾಚಿ, ಹಿಂದೆ ಜಡೆ ಹಾಕುತ್ತಾರೆ. ಒಬ್ಬ ಹೆಂಗಸು ಏಸುವಿನ ಪಾದವನ್ನು ತನ್ನ ಕೂದಲಿನಿಂದ ಒರೆಸಿದಳು ಎಂದು ಬೈಬಲಿನಲ್ಲಿ ಬರುತ್ತದೆ. ತಮಗೂ ಆ ಭಾಗ್ಯ ಸಿಗಲಿ ಎಂಬ ಆಸೆ ಆ ಉದ್ದ ಕೂದಲಿನ ಹಿಂದಿದೆ. ಸ್ಪೋರ್ಟ್ಸ್ ಶೂಗೆ ಮಾತ್ರ ಯಾವ ಶಾಸ್ತ್ರವೂ ಇಲ್ಲ. ದಿನವಿಡೀ ನಿಂತು ಕೆಲಸ ಮಾಡುವ ಹೆಂಗಸಿಗೆ ಅದಕ್ಕಿಂತ ಆರಾಮದ ಚಪ್ಪಲಿ ಯಾವುದಿದೆ ಹೇಳಿ!

ನೋಡಿದವರು 150 ವರ್ಷದಿಂದ ಬಂದ ಉಡುಪು ಇದು ಅಂದುಕೊಳ್ಳುತ್ತಾರೆ. ಪೂರ್ತಿ ನಿಜವಲ್ಲ. ಹೆಂಗಸರ ಉಡುಪಿನ ಬಗ್ಗೆ ಮಾರ್ಮನ್ ಮುಖಂಡರು ತಲೆ ಕೆಡಿಸಿಕೊಂಡಿದ್ದು ಹಳೆಯ ಕಾಲದಿಂದಲೇ. 1869ರಲ್ಲಿ ಚರ್ಚಿನ ಆಗಿನ ಅಧ್ಯಕ್ಷ ಬ್ರಿಗಮ್ ಯಂಗ್ ತನ್ನ ಹೆಣ್ಣುಮಕ್ಕಳನ್ನೇ ಕೂರಿಸಿಕೊಂಡು ಒಂದು ಸಂಘ ಮಾಡಿಸಿದ. ಉಡುಪು, ಊಟ, ಮಾತು, ಮೂರರಲ್ಲೂ ಆಡಂಬರ ಕಡಿಮೆ ಮಾಡಬೇಕು ಎಂಬುದು ಆ ಸಂಘದ ಉದ್ದೇಶ. ತನ್ನ ಮನೆಯ ಹುಡುಗಿಯರ ಶೋಕಿ ನೋಡಿ ಸಾಕಾಗಿತ್ತು ಅಂತ ಕಾಣುತ್ತೆ. ಆದರೆ 1953ರಲ್ಲಿ ಶಾರ್ಟ್ ಕ್ರೀಕಿನಲ್ಲಿ ತೆಗೆದ ಫೋಟೊಗಳನ್ನು ನೋಡಿ. ಹೂವಿನ ಹತ್ತಿ ಬಟ್ಟೆ, ಆ ಕಾಲದ ಯಾವುದೇ ಹಳ್ಳಿ ಹೆಂಗಸಿನ ಹಾಗೆ, ಸ್ವಲ್ಪ ಜಾಸ್ತಿ ಮೈಮುಚ್ಚುವ ಉಡುಪು. ಇವತ್ತಿನ ಸಮವಸ್ತ್ರ ಅಲ್ಲಿಲ್ಲ. ಹೂವು, ಚೌಕುಳಿ, ಕೆಂಪು ಒಂದೊಂದಾಗಿ ಹೋಗಿ ಎಲ್ಲರದ್ದೂ ಒಂದೇ ಅಚ್ಚಿನ ಫ್ರಾಕು ಆಗಿದ್ದು ಹೆಚ್ಚಾಗಿ ವಾರೆನ್ ಜೆಫ್ಸ್ ಎಂಬ ಮುಖಂಡನ ಹಿಡಿತ ಬಿಗಿಯಾದ ಮೇಲೆ. ಅವನ ಅಪ್ಪ ರುಲಾನ್ ಜೆಫ್ಸ್ 2002ರಲ್ಲಿ ತೀರಿಕೊಂಡ. ಅದಾದಮೇಲೆ ಮಗನೇ ಪ್ರವಾದಿ ಎನಿಸಿಕೊಂಡ. ಈ ಹಳೆಯ ಉಡುಪಿನ ಕಟ್ಟುನಿಟ್ಟು ನಿಮ್ಮ ಮಗಳಿಗಿಂತ ಚಿಕ್ಕದಿದ್ದರೂ ಇರಬಹುದು.

ಬಹುಪತ್ನಿತ್ವ ಇದ್ದಲ್ಲೆಲ್ಲ ಈ ಫ್ರಾಕು ಇರಬೇಕು ಅಂತಲೂ ಇಲ್ಲ. ಕೊಲರಾಡೋ ಸಿಟಿಯ ಪಕ್ಕದಲ್ಲೇ ಸೆಂಟೆನಿಯಲ್ ಪಾರ್ಕ್ ಅನ್ನುವ ಊರಿದೆ. 1980ರ ದಶಕದಲ್ಲಿ ಇದೇ ಗುಂಪಿನಿಂದ ಜಗಳವಾಡಿಕೊಂಡು ಹೋದವರು. ಅವರಲ್ಲೂ ಹಲವು ಹೆಂಡಿರಿದ್ದಾರೆ, ಆದರೆ ಹೆಂಗಸರ ಉಡುಪು ಅಂಗಡಿಯಲ್ಲಿ ಸಿಗುವಂಥದ್ದೇ, ಸ್ವಲ್ಪ ಮೈಮುಚ್ಚುವ ಹಾಗೆ. ಸಾಲ್ಟ್ ಲೇಕ್ ಸಿಟಿಯ ಸುತ್ತ ಇರುವ ಕಿಂಗ್‌ಸ್ಟನ್ ಗುಂಪಿನವರನ್ನು ಬೀದಿಯಲ್ಲಿ ಕಂಡರೆ ನಿಮಗೆ ಗುರುತೇ ಸಿಗುವುದಿಲ್ಲ. ಆ ಗುಂಪಿನ ಮೇಲೆ ಚಿಕ್ಕ ವಯಸ್ಸಿನ ಮದುವೆ, ಹತ್ತಿರದ ಸಂಬಂಧದೊಳಗಿನ ಮದುವೆ ಎಂಬ ಗಂಭೀರ ಆರೋಪಗಳು ಎಷ್ಟೋ ವರ್ಷದಿಂದ ಇವೆ. ಜೀನ್ಸ್ ಹಾಕಿಕೊಂಡ ಮಾತ್ರಕ್ಕೆ ಹೆಣ್ಣು ಸುಖವಾಗಿದ್ದಾಳೆ ಅಂತ ಅಲ್ಲ.

ಇಷ್ಟಪಟ್ಟು ಹಾಕುವುದಾ, ಬಲವಂತವಾ ಎಂದು ಕೇಳಿದ್ದೀರಿ. ಆ ಹೆಂಗಸರನ್ನೇ ಕೇಳಿದರೆ ಇಷ್ಟಪಟ್ಟೇ ಹಾಕುತ್ತೇವೆ ಎನ್ನುತ್ತಾರೆ. ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಅನ್ನುವುದಿಲ್ಲ. ಪಂಗಡ ಬಿಟ್ಟು ಬಂದ ಎಷ್ಟೋ ಹೆಂಗಸರು ಮೊದಲ ಸಲ ಪ್ಯಾಂಟು ಹಾಕಿದ ದಿನ ಬೆತ್ತಲೆ ನಿಂತ ಹಾಗಾಯಿತು ಎಂದು ಹೇಳಿಕೊಂಡಿದ್ದಾರೆ. ಹಾಗಾಗಿ ನಾನು ಕೇಳುವ ಪ್ರಶ್ನೆ ಬೇರೆ. ನಾಳೆ ಬೆಳಿಗ್ಗೆ ಒಬ್ಬಳು ಎದ್ದು, ನನಗೆ ಈ ಫ್ರಾಕು ಬೇಡ ಅಂದರೆ ಸಂಜೆಯೊಳಗೆ ಅವಳ ಕೈಯಿಂದ ಏನೇನು ಹೋಗುತ್ತದೆ? ಶಾರ್ಟ್ ಕ್ರೀಕಿನ ಹೆಂಗಸರ ಬದುಕನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅಲ್ಲಿಂದ ಶುರು ಮಾಡಬೇಕು.

ಮೊದಲು ಹೋಗುತ್ತಿದ್ದುದು ಮನೆ. 1942ರಲ್ಲಿ ಈ ಜನ ಯುನೈಟೆಡ್ ಎಫರ್ಟ್ ಪ್ಲಾನ್ ಎಂಬ ಟ್ರಸ್ಟ್ ಮಾಡಿಕೊಂಡರು. ಊರಿನ ಹೆಚ್ಚುಕಡಿಮೆ ಎಲ್ಲ ಜಮೀನು, ಮನೆ ಅದರ ಹೆಸರಿಗಿತ್ತು. ನೀವು ನಿಮ್ಮ ದುಡ್ಡಿನಲ್ಲಿ, ನಿಮ್ಮ ಕೈಯಾರೆ ಮನೆ ಕಟ್ಟಿದ್ದರೂ ಪತ್ರ ಟ್ರಸ್ಟಿನದಾಗಿತ್ತು. ಒಳ್ಳೆಯ ಉದ್ದೇಶದಿಂದಲೇ ಶುರುವಾಗಿದ್ದು, ಎಲ್ಲರೂ ಹಂಚಿಕೊಂಡು ಬಾಳೋಣ ಅಂತ. ಟ್ರಸ್ಟಿನ ಬೀಗದ ಕೈ ಒಬ್ಬನೇ ಮುಖಂಡನ ಕೈಗೆ ಬಂದಾಗ ಅದರ ಬಣ್ಣ ಬದಲಾಯಿತು. ಅವನು ಹೊರಡು ಅಂದರೆ ಹೊರಡಬೇಕಿತ್ತು.

ಆಮೇಲೆ ಗಂಡ, ಮಕ್ಕಳು. ಯಾರಿಗೆ ಯಾರು ಎಂದು ಹೇಳುವವನು ಪ್ರವಾದಿ. ಹುಡುಗಿಗೆ ಇಂಥವನ ಜೊತೆ ಮದುವೆ ಅಂತ ತಿಳಿಯುವುದು ಒಂದೆರಡು ದಿನ ಮುಂಚೆ, ಕೆಲವು ಸಲ ಗಂಟೆಗಳ ಮುಂಚೆ. ಗಂಡಸು ಮೇಲಿನ ಸ್ವರ್ಗಕ್ಕೆ ಏರಬೇಕಾದರೆ ಕನಿಷ್ಠ ಮೂವರು ಹೆಂಡಿರು ಬೇಕು ಎಂಬ ನಂಬಿಕೆ ಇರುವುದರಿಂದ ಗಂಡಸರೂ ಪ್ರವಾದಿಯ ಮುಖವನ್ನೇ ನೋಡುತ್ತಾ ಇರಬೇಕು. ಕೊಟ್ಟವನು ಕಿತ್ತುಕೊಳ್ಳಲೂಬಹುದು. 2004ರ ಜನವರಿಯಲ್ಲಿ ವಾರೆನ್ ಜೆಫ್ಸ್ ಒಂದೇ ಸಭೆಯಲ್ಲಿ ಸುಮಾರು 20 ಗಂಡಸರನ್ನು ಪಂಗಡದಿಂದ ಹೊರಗೆ ಹಾಕಿದ. ಕೊಲರಾಡೋ ಸಿಟಿಯ ಮೇಯರ್ ಕೂಡ ಅವರಲ್ಲಿದ್ದ. ಹೀಗೆ ಹೊರಬಿದ್ದವರ ಹೆಂಡಿರು ಮಕ್ಕಳನ್ನು ಬೇರೆ ಗಂಡಸರಿಗೆ ಒಪ್ಪಿಸುವುದು ಅಲ್ಲಿನ ಪದ್ಧತಿ. ಬೆಳಿಗ್ಗೆ ಒಬ್ಬನನ್ನು ಅಪ್ಪ ಎನ್ನುತ್ತಿದ್ದ ಮಗು ರಾತ್ರಿ ಇನ್ನೊಬ್ಬನನ್ನು ಅಪ್ಪ ಎನ್ನಬೇಕು. ಆ ತಾಯಿ ಎದುರಾಡಿದರೆ ಮಕ್ಕಳು ಅವಳ ಜೊತೆ ಬರುತ್ತಾರೆ ಅನ್ನುವ ಖಾತ್ರಿ ಇಲ್ಲ.

ದುಡ್ಡು, ಓದು ಇವುಗಳ ಕಥೆಯೂ ಅದೇ. 2000ರಲ್ಲಿ ಪಂಗಡದವರೆಲ್ಲ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಿದರು. ಆಮೇಲೆ ಮನೆಪಾಠ, ಪಂಗಡದ ಪುಸ್ತಕ, ಪ್ರವಾದಿಯ ಧ್ವನಿಮುದ್ರಣ. ಎರಡನೇ, ಮೂರನೇ ಹೆಂಡಿರು ಕಾನೂನಿನ ಲೆಕ್ಕದಲ್ಲಿ ಮದುವೆಯಾಗದ ತಾಯಂದಿರು. ಹಾಗಾಗಿ ಬಡವರಿಗೆ ಸರ್ಕಾರ ಕೊಡುವ ಆಹಾರದ ಕಾರ್ಡು ಅವರಿಗೆ ಸಿಗುತ್ತಿತ್ತು. ಆ ಕಾರ್ಡಿನಲ್ಲಿ ತಂದ ಸಾಮಾನನ್ನು ಪಂಗಡದ ಉಗ್ರಾಣಕ್ಕೆ ಒಪ್ಪಿಸಬೇಕಿತ್ತು, ಅಲ್ಲಿಂದ ಕೊಟ್ಟಷ್ಟು ತರಬೇಕಿತ್ತು. ತನ್ನ ಮಕ್ಕಳ ಹೆಸರಿಗೆ ಬಂದ ಹಾಲು, ಹಿಟ್ಟಿಗೂ ಇನ್ನೊಬ್ಬರ ಮುಂದೆ ಕೈಚಾಚುವ ಸ್ಥಿತಿ. 2016ರಲ್ಲಿ ಈ ವಿಷಯದಲ್ಲೇ 11 ಜನರ ಮೇಲೆ ವಂಚನೆಯ ಕೇಸು ಬಿತ್ತು. ವಾರೆನ್‌ನ ತಮ್ಮ ಲೈಲ್ ಜೆಫ್ಸ್ ಜೈಲಿಗೆ ಹೋದ.

ಮನೆಯೊಳಗೆ ಹೇಗಿರುತ್ತದೆ ಅಂತ ನೀವು ಕೇಳಿಲ್ಲ, ಆದರೆ ಕುತೂಹಲ ಇದ್ದೇ ಇರುತ್ತದೆ. ಸವತಿಯರ ನಡುವೆ ಮತ್ಸರ ಇಲ್ಲವಾ? ಇದೆ. ನಮ್ಮ ಹಳೇ ಮನೆಗಳಲ್ಲಿ ಇದ್ದ ಹಾಗೇ ಇದೆ. ಜೊತೆಗೆ ಸಹಾಯವೂ ಇದೆ. ಒಬ್ಬಳು ಬಾಣಂತಿಯಾದರೆ ಇನ್ನೊಬ್ಬಳು ಅಡುಗೆ ಮಾಡುತ್ತಾಳೆ, ಮತ್ತೊಬ್ಬಳು ಮಕ್ಕಳಿಗೆ ಪಾಠ ಹೇಳುತ್ತಾಳೆ. ಒಂದು ಮನೆಯಲ್ಲಿ ಇಪ್ಪತ್ತು, ಮೂವತ್ತು ಮಕ್ಕಳು ಇರುವುದು ಅಲ್ಲಿ ದೊಡ್ಡ ಸುದ್ದಿಯಲ್ಲ. ಮಕ್ಕಳು ಎಲ್ಲ ತಾಯಂದಿರನ್ನೂ ಹೆಸರಿನ ಮುಂದೆ ಅಮ್ಮ ಸೇರಿಸಿ ಕರೆಯುತ್ತಾರೆ. ಕೋಪ ಬಂದರೂ, ಅಳು ಬಂದರೂ ಹುಡುಗಿಯರು ಕೇಳುವ ಮಾತು ಒಂದೇ: ಕೀಪ್ ಸ್ವೀಟ್. ಮುಖ ಗಂಟು ಹಾಕಬೇಡ, ನಗುತ್ತಾ ಇರು ಅಂತ. ಅಂಗಡಿಯಲ್ಲಿ ಆ ಹೆಂಗಸರ ಮುಖ ಶಾಂತವಾಗಿ ಕಂಡಿದ್ದರೆ ಅದರಲ್ಲಿ ಸ್ವಭಾವ ಎಷ್ಟು, ಅಭ್ಯಾಸ ಎಷ್ಟು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಗಂಡುಮಕ್ಕಳ ಪಾಡು ಇನ್ನೊಂದು. ಒಬ್ಬನಿಗೆ ನಾಲ್ಕು ಹೆಂಡಿರು ಅಂದರೆ ಮೂವರು ಹುಡುಗರಿಗೆ ಹೆಣ್ಣಿಲ್ಲ. ಸಿನಿಮಾ ನೋಡಿದ, ಹುಡುಗಿಯ ಜೊತೆ ಮಾತಾಡಿದ ಅಂತ ನೆಪ ಹುಡುಕಿ ಹದಿಹರೆಯದ ಎಷ್ಟೋ ಹುಡುಗರನ್ನು ಊರಿನಿಂದ ಅಟ್ಟಿದ್ದಾರೆ.

ಬಹುಪತ್ನಿತ್ವ ಅಂದರೆ ಸದಾ ಹೀಗೇ ಅಂದುಕೊಂಡರೆ ತಪ್ಪಾಗುತ್ತದೆ, ಅದಕ್ಕೇ ಒಂದು ಹಳೆಯ ಕಥೆ ಹೇಳುತ್ತೇನೆ. ಮಾರ್ಥಾ ಹ್ಯೂಸ್ ಕ್ಯಾನನ್ ಅಂತ ಒಬ್ಬರಿದ್ದರು. ಮಾರ್ಮನ್ ಹೆಂಗಸು, ಡಾಕ್ಟರು, ಒಬ್ಬ ಗಂಡನ ಹಲವು ಹೆಂಡಿರಲ್ಲಿ ಒಬ್ಬರು. 1896ರಲ್ಲಿ ಯೂಟಾ ಸೆನೆಟ್ ಚುನಾವಣೆಗೆ ನಿಂತರು. ಎದುರು ಪಕ್ಷದಿಂದ ನಿಂತವರಲ್ಲಿ ಅವರ ಗಂಡನೂ ಇದ್ದ. ಆಕೆ ಗೆದ್ದರು, ಗಂಡ ಸೋತ! ಅಮೆರಿಕದ ಯಾವುದೇ ರಾಜ್ಯದ ಸೆನೆಟಿಗೆ ಆಯ್ಕೆಯಾದ ಮೊದಲ ಹೆಣ್ಣು ಆಕೆ. ಯೂಟಾದ ಹೆಂಗಸರಿಗೆ 1870ರಲ್ಲೇ ಮತದ ಹಕ್ಕು ಸಿಕ್ಕಿತ್ತು. 1887ರಲ್ಲಿ ಬಹುಪತ್ನಿತ್ವ ಮಟ್ಟಹಾಕುವ ಭರದಲ್ಲಿ ವಾಷಿಂಗ್ಟನ್ ಆ ಹಕ್ಕನ್ನೂ ಕಿತ್ತುಕೊಂಡಿತು. ಯಾರನ್ನು ಉದ್ಧಾರ ಮಾಡುತ್ತೇವೆ ಅಂದರೋ ಅವರ ಮತವನ್ನೇ ತೆಗೆದರು. ನನ್ನ ಲೆಕ್ಕದಲ್ಲಿ ಮಾರ್ಥಾ ಅವರಿಗೂ ಶಾರ್ಟ್ ಕ್ರೀಕಿನ ಹುಡುಗಿಗೂ ಇರುವ ವ್ಯತ್ಯಾಸ ಓದು, ಸ್ವಂತ ದುಡಿಮೆ, ಊರಿನಿಂದ ಆಚೆ ಹೋಗಿಬರುವ ದಾರಿ. ಸವತಿಯರು ಇಬ್ಬರಿಗೂ ಇದ್ದರು.

ಕಾನೂನು ಸುಮ್ನೆ ಕೂತಿಲ್ಲ. ಆದರೆ ಅದು ಎದ್ದಾಗಲೆಲ್ಲ ಎಡವಿದೆ. 1953ರ ಜುಲೈ 26ರ ಮುಂಜಾನೆ ಅರಿಜೋನಾದ ಗವರ್ನರ್ ಹೋವರ್ಡ್ ಪೈಲ್ ಶಾರ್ಟ್ ಕ್ರೀಕಿಗೆ ಪೊಲೀಸರನ್ನು ನುಗ್ಗಿಸಿದ. 263 ಮಕ್ಕಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ತಾಯಿ ಮಕ್ಕಳನ್ನು ಬೇರೆ ಮಾಡುವ ಫೋಟೊ ಪತ್ರಿಕೆಗಳಲ್ಲಿ ಬಂದಾಗ ಜನರ ಮನಸ್ಸು ಪಂಗಡದ ಕಡೆ ತಿರುಗಿತು. ಮುಂದಿನ ಚುನಾವಣೆಯಲ್ಲಿ ಪೈಲ್ ಸೋತ. ಅಲ್ಲಿಂದ ಸುಮಾರು 50 ವರ್ಷ ಯಾವ ರಾಜಕಾರಣಿಯೂ ಆ ಊರಿನ ತಂಟೆಗೆ ಹೋಗಲಿಲ್ಲ. 2008ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಎಲ್ಡೊರಾಡೋ ಹತ್ತಿರ ಇದೇ ಪಂಗಡದ ದೊಡ್ಡ ತೋಟದ ಮೇಲೆ ದಾಳಿಯಾಯಿತು. ಅದಕ್ಕೆ ಕಾರಣವಾದ ಫೋನ್ ಕರೆ ಸುಳ್ಳು ಕರೆ ಅಂತ ಆಮೇಲೆ ಗೊತ್ತಾಯಿತು. 400ಕ್ಕೂ ಹೆಚ್ಚು ಮಕ್ಕಳನ್ನು ಕರೆದೊಯ್ದಿದ್ದರು. ಅಷ್ಟೂ ಜನರನ್ನು ಒಟ್ಟಿಗೆ ತೆಗೆದುಕೊಂಡು ಹೋಗಿದ್ದು ಸರಿಯಲ್ಲ ಎಂದು ಟೆಕ್ಸಾಸ್ ಸುಪ್ರೀಂ ಕೋರ್ಟು ಮೇ ತಿಂಗಳಲ್ಲೇ ಹೇಳಿತು. ಆ ಫ್ರಾಕುಗಳು ಲೋಕಕ್ಕೆಲ್ಲ ಟಿವಿಯಲ್ಲಿ ಕಂಡಿದ್ದು ಆಗಲೇ. ಅದೇ ವರ್ಷ ಪಂಗಡದ ಹೆಂಗಸರು ತಾವು ಹೊಲಿದ ಮಕ್ಕಳ ಬಟ್ಟೆಯನ್ನು ಇಂಟರ್‌ನೆಟ್ಟಿನಲ್ಲಿ ಮಾರಲು ಶುರು ಮಾಡಿದರು. ಕಷ್ಟ ಬಂದಾಗ ಕೈಯಲ್ಲಿದ್ದ ಕಸುಬು ಅದೊಂದೇ.

ದಾಳಿ ಎಡವಿದರೂ ಅಲ್ಲಿ ಸಿಕ್ಕ ದಾಖಲೆಗಳು ಕೆಲಸಕ್ಕೆ ಬಂದವು. ವಾರೆನ್ ಜೆಫ್ಸ್ 2006ರಲ್ಲೇ ಲಾಸ್ ವೇಗಸ್ ಹತ್ತಿರ ಸಿಕ್ಕಿಬಿದ್ದಿದ್ದ. ಟೆಕ್ಸಾಸ್ ಕೋರ್ಟು 2011ರಲ್ಲಿ, 12 ಮತ್ತು 15 ವರ್ಷದ ಹುಡುಗಿಯರ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ ಅವನಿಗೆ ಜೀವಾವಧಿ ಮತ್ತು 20 ವರ್ಷ ಶಿಕ್ಷೆ ಕೊಟ್ಟಿತು. ಇಲ್ಲಿ ಶಿಕ್ಷೆಯಾಗಿದ್ದು ಮಕ್ಕಳ ಮೇಲಿನ ಅಪರಾಧಕ್ಕೆ ಅನ್ನುವುದನ್ನು ಗಮನಿಸಿ. ಯೂಟಾ ಈಚೆಗೆ ಹಿಡಿದಿರುವ ದಾರಿಯೂ ಇದೇ. 2020ರಲ್ಲಿ ಅದು ಕಾನೂನು ಬದಲಿಸಿತು. ವಯಸ್ಸಿಗೆ ಬಂದವರು ಒಪ್ಪಿ ಒಟ್ಟಿಗೆ ಬಾಳಿದರೆ ಈಗ ದಂಡ ಕಟ್ಟುವಂಥ ಸಣ್ಣ ತಪ್ಪು ಅಷ್ಟೇ. ಬಲವಂತ, ಮೋಸ, ಮಕ್ಕಳ ಮೇಲಿನ ದೌರ್ಜನ್ಯ ಸೇರಿದರೆ ಮೊದಲಿನ ಹಾಗೇ ಘೋರ ಅಪರಾಧ. ಹೆದರಿಕೆ ಕಡಿಮೆಯಾದರೆ ಹೆಂಗಸರು ಪೊಲೀಸರ ಹತ್ತಿರ, ಡಾಕ್ಟರ ಹತ್ತಿರ ಹೋಗುತ್ತಾರೆ ಎಂಬುದು ಇದರ ಹಿಂದಿನ ಯೋಚನೆ. ನನಗೆ ಇದು ಸರಿ ಅನ್ನಿಸುತ್ತದೆ. ಪಂಗಡ ಬಿಟ್ಟು ಬಂದ ಕೆಲವು ಹೆಂಗಸರು ಇದನ್ನು ಖಂಡಿಸಿದ್ದಾರೆ ಅನ್ನುವುದನ್ನೂ ಹೇಳಬೇಕು. ಕಥೆ ಮುಗಿದಿಲ್ಲ: ಕೊಲರಾಡೋ ಸಿಟಿಯಲ್ಲೇ ತಾನೂ ಪ್ರವಾದಿ ಎಂದುಕೊಂಡು, ಪುಟ್ಟ ಹುಡುಗಿಯರನ್ನೂ ಸೇರಿಸಿ 20ಕ್ಕೂ ಹೆಚ್ಚು ಹೆಂಡಿರು ಮಾಡಿಕೊಂಡಿದ್ದ ಸ್ಯಾಮ್ಯುಯೆಲ್ ಬೇಟ್‌ಮನ್ ಎಂಬುವನಿಗೆ 2024ರ ಡಿಸೆಂಬರ್‌ನಲ್ಲಿ 50 ವರ್ಷ ಜೈಲಾಯಿತು.

ಒಂದು ಸಣ್ಣ ವಿಷಯ, ನಮ್ಮ ಕಡೆಗೆ ಸಂಬಂಧಪಟ್ಟದ್ದು. ಧಾರವಾಡ, ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿದ್ದಾಗ, 1946ರಲ್ಲೇ, ಹಿಂದೂ ಗಂಡಸಿನ ಎರಡನೇ ಮದುವೆಗೆ ಅಲ್ಲಿ ಕಾನೂನು ತಡೆ ಬಂತು. ದೇಶಕ್ಕೆಲ್ಲ ಬಂದಿದ್ದು 1955ರಲ್ಲಿ. ಆ ಮುಂಬೈ ಕಾನೂನನ್ನು ನರಸು ಅಪ್ಪಾ ಮಾಳಿ ಪ್ರಕರಣದಲ್ಲಿ ಎತ್ತಿಹಿಡಿಯುವಾಗ ಹೈಕೋರ್ಟು ನೆನೆದಿದ್ದು ಮಾರ್ಮನ್ನರ ಮೇಲಿನ ಅಮೆರಿಕದ ತೀರ್ಪನ್ನು. ನಂಬಿಕೆಗೆ ಅಡ್ಡಿಯಿಲ್ಲ, ಆಚರಣೆಗೆ ಕಾನೂನು ಕೈಹಾಕಬಹುದು ಎಂಬ ವಾದ ಯೂಟಾದಿಂದ ಹುಬ್ಬಳ್ಳಿ ಕಡೆಗೂ ಬಂದಿತ್ತು!

ಇನ್ನು ಊರು ಈಗ ಹೇಗಿದೆ ಅಂತ. 2005ರಲ್ಲಿ ಯೂಟಾದ ಕೋರ್ಟು ಆ ಟ್ರಸ್ಟನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ನಿಧಾನವಾಗಿ ಮನೆಗಳು ಅವನ್ನು ಕಟ್ಟಿದವರ, ಅಲ್ಲಿ ಬಾಳಿದವರ ಹೆಸರಿಗೆ ಬಂದವು. ಹಿಂದೆ ಹೊರಬಿದ್ದ ಎಷ್ಟೋ ಜನ ಮರಳಿ ಬಂದರು. ಪಂಗಡದಲ್ಲೇ ಉಳಿದು ಟ್ರಸ್ಟಿನ ಕಾಗದಕ್ಕೆ ಸಹಿ ಹಾಕದ ಕುಟುಂಬಗಳು ಮನೆ ಕಳೆದುಕೊಂಡವು. ಅದೂ ನೋವಿನ ವಿಷಯವೇ. 2017ರಲ್ಲಿ ಹಿಲ್ಡೇಲ್‌ನ ಜನ ಮೇಯರ್ ಆಗಿ ಆರಿಸಿದ್ದು ಡೋನಿಯಾ ಜೆಸಪ್ ಎಂಬ ಹೆಂಗಸನ್ನು, ಪಂಗಡ ಬಿಟ್ಟು ಹೋಗಿ ಮರಳಿ ಬಂದವರನ್ನು. ಕೊಲರಾಡೋ ಸಿಟಿಯಲ್ಲಿ ಈಗ ಬಿಯರ್ ತಯಾರಿಸುವ ಹೋಟೆಲ್ ಇದೆ. ವಾರೆನ್ ಜೆಫ್ಸ್‌ಗಾಗಿ ಕಟ್ಟಿದ ದೊಡ್ಡ ಮನೆ ಪ್ರವಾಸಿಗರ ವಸತಿಗೃಹವಾಗಿತ್ತು. ಒಂದೇ ಬೀದಿಯಲ್ಲಿ ಜೀನ್ಸ್ ಹಾಕಿದ ಅಕ್ಕ, ಫ್ರಾಕು ಹಾಕಿದ ತಂಗಿ ಓಡಾಡುತ್ತಾರೆ.

ಮಾತಾಡಿಸಬಹುದಿತ್ತಾ ಎಂದಿರಿ. ಧಾರಾಳವಾಗಿ. ಅಂಗಡಿಯಲ್ಲಿ ಪಕ್ಕದಲ್ಲಿ ನಿಂತ ಯಾರನ್ನಾದರೂ ಮಾತಾಡಿಸುವ ಹಾಗೆ, ಮಗು ಮುದ್ದಾಗಿದೆ, ಹೊಲಿಗೆ ಚೆನ್ನಾಗಿದೆ ಅಂತ ಹೇಳಬಹುದಿತ್ತು. ಕೆಲವರು ನಕ್ಕು ಉತ್ತರ ಕೊಡುತ್ತಾರೆ, ಕೆಲವರು ತಲೆ ತಗ್ಗಿಸಿ ಹೋಗುತ್ತಾರೆ. ನಿಮಗೆ ಎಷ್ಟು ಜನ ಸವತಿಯರು ಅಂತ ಮಾತ್ರ ಕೇಳಬೇಡಿ. ಫೋಟೊ ವಿಷಯದಲ್ಲಿ ನಿಮ್ಮ ಮಗಳು ಹೇಳಿದ್ದು ಸರಿ. ಸೀರೆ ಉಟ್ಟುಕೊಂಡು ಹೋಗಿದ್ದರೆ ಅವರೇ ನಿಮ್ಮ ಸೀರೆಯ ಬಗ್ಗೆ ಕೇಳುತ್ತಿದ್ದರೇನೋ.